ಕಾರಿನಲ್ಲಿ ಕಂದನಿಗೊಂದು ಹಿಮ್ಮುಖ ಆಸನ

ಕೂಸಿಗೆ ತಾಯಿಯ ಮಡಿಲಿಗಿಂತ ಮಿಗಿಲಾದ ಆಶ್ರಯವಿಲ್ಲವೆಂಬುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದ ನಂಬಿಕೆ. ಅಂಗಳದಲ್ಲಿ, ಪಡಸಾಲೆಯಲ್ಲಿ, ಎತ್ತಿನ ಬಂಡಿಯಲ್ಲಿ ಈ ನಂಬಿಕೆಗೆ ಯಾವ ಕೊರತೆಯೂ ಬಂದಿರಲಿಲ್ಲ. ಆದರೆ ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಮನೆಯ ಮುಂದೆ ಕಾರು ನಿಂತಿರುತ್ತದೆ. ಮದುವೆ, ನಾಮಕರಣ, ಜಾತ್ರೆ ಎಂದು ಬೆಳಗಾವಿಯಿಂದ ದಾವಣಗೆರೆಗೆ, ಕಲಬುರಗಿಯಿಂದ ವಿಜಯಪುರಕ್ಕೆ ಕುಟುಂಬ ಸಮೇತ ಹೊರಡುವುದು ಸಾಮಾನ್ಯವಾಗಿದೆ. ದೊಡ್ಡವರು ಬೆಲ್ಟ್ ಹಾಕಿಕೊಳ್ಳುವುದನ್ನು ಸ್ವಲ್ಪಮಟ್ಟಿಗಾದರೂ ಕಲಿತಿದ್ದಾರೆ. ಒಂದು ವರ್ಷದ, ಎರಡು ವರ್ಷದ ಕಂದ ಮಾತ್ರ ಇನ್ನೂ ಮಡಿಲಲ್ಲಿಯೇ ಇದೆ. ಎಷ್ಟೋ ಸಲ ಆ ಮಡಿಲು ಮುಂದಿನ ಸೀಟಿನಲ್ಲಿಯೇ ಇರುತ್ತದೆ.

ಮಡಿಲು ಕಾರಿನಲ್ಲಿ ಏಕೆ ಸಾಲದೆಂಬುದನ್ನು ತಿಳಿಯಲು ಸರಳವಾದ ಒಂದು ಲೆಕ್ಕ ಸಾಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಏನಾದರೊಂದಕ್ಕೆ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟಿತೆಂದು ಭಾವಿಸೋಣ. ಆ ಕ್ಷಣದಲ್ಲಿ ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 10 ಕಿಲೋ ತೂಕದ ಕೂಸನ್ನು ಹಿಡಿದು ನಿಲ್ಲಿಸಬೇಕಾದರೆ ತಾಯಿಯ ತೋಳುಗಳು ಸುಮಾರು 140 ಕಿಲೋ ಭಾರವನ್ನು, ಅಂದರೆ ಒಂದೂವರೆ ಕ್ವಿಂಟಲ್‌ಗೆ ಹತ್ತಿರವಾದ ಹೊರೆಯನ್ನು ತಡೆಯಬೇಕಾಗುತ್ತದೆ. ತುಂಬಿದ ಜೋಳದ ಚೀಲವೊಂದನ್ನು ಎತ್ತಿಳಿಸಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯೂ ಮಗುವೂ ಸೇರಿ ಒಂದೇ ಬೆಲ್ಟ್ ಹಾಕಿಕೊಳ್ಳುವುದಂತೂ ಇನ್ನೂ ಅಪಾಯಕರ. ಅಲ್ಲಿ ತಾಯಿಯ ಮೈಭಾರವೇ ಕೂಸನ್ನು ಬೆಲ್ಟಿಗೆ ಒತ್ತಿ ಜಜ್ಜುತ್ತದೆ.

ಹಾಗಾದರೆ ಪ್ರತ್ಯೇಕ ಆಸನವೇನೋ ಸರಿ, ಅದು ಹಿಂದಕ್ಕೆ ಮುಖಮಾಡಿರಬೇಕೆಂಬ ನಿರ್ಬಂಧವೇಕೆ ಎಂದು ಓದುಗರು ಕೇಳಬಹುದು. ಉತ್ತರವಿರುವುದು ಮಗುವಿನ ಕೊರಳಿನಲ್ಲಿ. ಹುಟ್ಟಿದ ಕೂಸಿನ ತಲೆ ಅದರ ಒಟ್ಟು ಉದ್ದದ ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಈ ಪ್ರಮಾಣ ಏಳೆಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗೆ ಮೈಗೆ ಹೋಲಿಸಿದರೆ ಭಾರವಾದ ತಲೆ, ಅದನ್ನು ಹೊತ್ತಿರುವ ಕೊರಳು ಮಾತ್ರ ಎಳೆಯದು. ಆ ಕೊರಳಿನ ಎಲುಬುಗಳು ಇನ್ನೂ ಪೂರ್ಣವಾಗಿ ಬೆಸೆದುಕೊಳ್ಳದೆ ಮೆದುವಾದ ಮೃದ್ವಸ್ಥಿಯಿಂದ ಕೂಡಿಕೊಂಡಿರುತ್ತವೆ. ಮಗು ಮುಂದಕ್ಕೆ ಮುಖಮಾಡಿ ಕುಳಿತಿದ್ದಾಗ ಕಾರು ಎದುರಿನಿಂದ ಡಿಕ್ಕಿ ಹೊಡೆದರೆ ಬೆಲ್ಟುಗಳು ಎದೆಯನ್ನು ಹಿಡಿಯುತ್ತವೆ, ತಲೆಯನ್ನು ಹಿಡಿಯುವವರು ಯಾರೂ ಇಲ್ಲ. ಅದು ಮುಂದಕ್ಕೆ ಚಿಮ್ಮುತ್ತದೆ. ಆ ಎಳೆತವನ್ನೆಲ್ಲ ಕೊರಳು ಮತ್ತು ಅದರೊಳಗಿನ ನರಹುರಿ ಅನುಭವಿಸಬೇಕಾಗುತ್ತದೆ. ಅದೇ ಮಗು ಹಿಂದಕ್ಕೆ ಮುಖಮಾಡಿ ಕುಳಿತಿದ್ದರೆ ತಲೆ, ಕೊರಳು, ಬೆನ್ನು ಮೂರೂ ಒಟ್ಟಾಗಿ ಆಸನದ ಬೆನ್ನಿಗೆ ಒರಗುತ್ತವೆ. ಹೊಡೆತ ಒಂದೇ ಕಡೆ ಬೀಳದೆ ಇಡೀ ಬೆನ್ನಿನ ಮೇಲೆ ಹರಡಿಹೋಗುತ್ತದೆ.

ಈ ವಿಚಾರ ಹೊಳೆದದ್ದು ಸ್ವೀಡನ್ ದೇಶದಲ್ಲಿ. ಅಲ್ಲಿನ ಬರ್ಟಿಲ್ ಆಲ್ಡ್‌ಮನ್ ಎಂಬ ತಜ್ಞರು 1960ರ ದಶಕದಲ್ಲಿ, ಅಮೆರಿಕದ ಜೆಮಿನಿ ಗಗನನೌಕೆಯ ಯಾತ್ರಿಗಳು ಮೇಲೇರುವಾಗಿನ ಒತ್ತಡವನ್ನು ಬೆನ್ನಿನ ಮೇಲೆ ತಾಳಿಕೊಳ್ಳುವಂತೆ ಒರಗಿ ಮಲಗಿರುವುದನ್ನು ಗಮನಿಸಿ, ಅದೇ ತತ್ವವನ್ನು ಮಕ್ಕಳ ಆಸನಕ್ಕೆ ಅನ್ವಯಿಸಿದರು. ವೋಲ್ವೋ ಸಂಸ್ಥೆ 1964ರಲ್ಲಿ ಅಂಥದೊಂದು ಮಾದರಿಯನ್ನು ಪರೀಕ್ಷಿಸಿ, 1972ರಲ್ಲಿ ಹಿಮ್ಮುಖ ಆಸನವನ್ನು ಮಾರುಕಟ್ಟೆಗೆ ತಂದಿತು. ಸ್ವೀಡನ್ನಿನಲ್ಲಿ ಇಂದಿಗೂ ಮಕ್ಕಳನ್ನು ನಾಲ್ಕು ವರ್ಷ ತುಂಬುವವರೆಗೆ ಹಿಮ್ಮುಖವಾಗಿಯೇ ಕೂರಿಸಬೇಕೆಂದು ಸಲಹೆ ನೀಡಲಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಎರಡು ವರ್ಷದವರೆಗೆ ಎಂದು ಹೇಳಿತ್ತು. 2018ರಲ್ಲಿ ಅದನ್ನೂ ತಿದ್ದಿ, ಆಸನದ ತೂಕ ಮತ್ತು ಎತ್ತರದ ಮಿತಿ ಮುಗಿಯುವವರೆಗೆ ಹಿಮ್ಮುಖವಾಗಿಯೇ ಇರಲಿ ಎಂದಿತು. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೋ ನ್ಯೂಜೆರ್ಸಿಗೋ ಹೋಗಿಬಂದ ನಮ್ಮ ತಾಯಂದಿರಿಗೆ ಈ ಆಸನ ಹೊಸತಲ್ಲ. ಆ ರಾಜ್ಯಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಕಾನೂನಿನ ಕಟ್ಟಳೆ.

ಇನ್ನು ಆರಿಸುವ ವಿಷಯ. ಇಲ್ಲಿಯೇ ನಮ್ಮ ಜನ ಹೆಚ್ಚಾಗಿ ತಪ್ಪುತ್ತಿರುವುದು. ಅಂಗಡಿಯವನು ಪೆಟ್ಟಿಗೆಯ ಮೇಲಿನ ‘0ಯಿಂದ 18 ಕಿಲೋ’ ಅಥವಾ ‘0ಯಿಂದ 25 ಕಿಲೋ’ ಎಂಬ ಬರಹವನ್ನು ತೋರಿಸಿ, ನಾಲ್ಕಾರು ವರ್ಷ ಚಿಂತೆಯಿಲ್ಲ ಎನ್ನುತ್ತಾನೆ. ಆ ಅಂಕೆ ಆಸನದ ಒಟ್ಟು ಬಳಕೆಯದು. ಹಿಮ್ಮುಖವಾಗಿ ಎಷ್ಟು ಕಿಲೋವರೆಗೆ ಎಂಬುದು ಬೇರೆಯೇ ಅಂಕೆ. ಅದು ಆಸನದ ಪಕ್ಕದ ಚೀಟಿಯಲ್ಲಿಯೋ ಕೈಪಿಡಿಯಲ್ಲಿಯೋ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಕೆಲವಕ್ಕೆ 10 ಕಿಲೋ, ಹಲವಕ್ಕೆ 13 ಕಿಲೋ, ಒಳ್ಳೆಯ ಕೆಲವಕ್ಕೆ 18 ಕಿಲೋ ಅಥವಾ ಅದಕ್ಕೂ ಹೆಚ್ಚು. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಒಂದು ವರ್ಷದ ಗಂಡುಮಗುವಿನ ನಡುಮಟ್ಟದ ತೂಕ 9.6 ಕಿಲೋ, ಹೆಣ್ಣುಮಗುವಿನದು 8.9 ಕಿಲೋ. ಎರಡು ವರ್ಷಕ್ಕೆ ಅದು 12.2 ಮತ್ತು 11.5, ನಾಲ್ಕು ವರ್ಷಕ್ಕೆ 16.3 ಮತ್ತು 16.1. ಇದನ್ನು ಮುಂದಿಟ್ಟುಕೊಂಡು ನೋಡಿದರೆ 10 ಕಿಲೋ ಮಿತಿಯ ಆಸನ ಮೊದಲ ಹುಟ್ಟುಹಬ್ಬದ ಹಿಂದೆಮುಂದೆಯೇ ತೀರಿಹೋಗುತ್ತದೆ. 13 ಕಿಲೋ ಮಿತಿಯದು ಎರಡು ವರ್ಷ ದಾಟಿಸುತ್ತದೆ. 18 ಕಿಲೋ ಮಿತಿಯದಾದರೆ, ಎತ್ತರ ಅಡ್ಡಬಾರದಿದ್ದಲ್ಲಿ, ಸ್ವೀಡನ್ನಿನವರು ಹೇಳುವ ನಾಲ್ಕು ವರ್ಷದವರೆಗೂ ಬರುತ್ತದೆ. ನಮ್ಮ ಮಗು ಮೈಹತ್ತಲಿಲ್ಲ, ಸಣಕಲು ಎಂದು ಕೊರಗುವ ಅಜ್ಜಿಯರು ಈ ಒಂದು ವಿಷಯದಲ್ಲಿ ಸಮಾಧಾನ ಪಡಬಹುದು: ಹಗುರಾದ ಮಗುವಿಗೆ ಅದೇ ಆಸನ ಇನ್ನೂ ಕೆಲವು ತಿಂಗಳು ಹೆಚ್ಚಿಗೆ ಸಲ್ಲುತ್ತದೆ. ಎತ್ತರದ ಗುರುತು ಹೀಗೆ: ಮಗುವಿನ ನೆತ್ತಿ ಆಸನದ ಬೆನ್ನಿನ ಮೇಲ್ತುದಿಗಿಂತ ಒಂದು ಅಂಗುಲವಾದರೂ ಕೆಳಗಿರಬೇಕು. ಕಾಲು ಉದ್ದವಾಯಿತೆಂಬುದು ಆಸನ ತಿರುಗಿಸಲು ಕಾರಣವಾಗದು. ಊಟಕ್ಕೆ ಕುಳಿತಾಗ ಚಕ್ಕಳಮಕ್ಕಳ ಹಾಕುವ ನಮ್ಮ ಮಕ್ಕಳಿಗೆ ಕಾಲು ಮಡಚಿ ಕೂರುವುದು ಕಷ್ಟವೇ?

ಗುಣಮಟ್ಟದ ಗುರುತುಗಳ ಬಗೆಗೆ ಎರಡು ಮಾತು. ಭಾರತದಲ್ಲಿ ಮಕ್ಕಳ ಆಸನಗಳಿಗೆ ಎಐಎಸ್ 072 ಎಂಬ ಮಾನದಂಡವಿದೆ. ವಿದೇಶದಲ್ಲಿ ತಯಾರಾದುವುಗಳ ಮೇಲೆ ಕಿತ್ತಳೆ ಬಣ್ಣದ ಚೀಟಿಯಲ್ಲಿ, ವೃತ್ತದೊಳಗೆ ‘ಇ’ ಅಕ್ಷರದೊಂದಿಗೆ ವಿಶ್ವಸಂಸ್ಥೆಯ ಆರ್44 ಅಥವಾ ಆರ್129 ನಿಯಮದ ಸಂಖ್ಯೆ ಇರುತ್ತದೆ. ಆರ್44 ಹಳೆಯದು, ತೂಕದ ಲೆಕ್ಕದ್ದು. 2013ರಲ್ಲಿ ಜಾರಿಗೆ ಬಂದ ಆರ್129 ಎತ್ತರದ ಲೆಕ್ಕದ್ದು. ಅದು 15 ತಿಂಗಳವರೆಗೆ ಹಿಮ್ಮುಖವನ್ನು ಕಡ್ಡಾಯಗೊಳಿಸಿ, ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯನ್ನೂ ಸೇರಿಸಿದೆ. ಎರಡೂ ದೊರೆತರೆ ಹೊಸತೇ ಲೇಸು. ಯಾವ ಚೀಟಿಯೂ ಇಲ್ಲದ, ಬರಿಯ ಮೆತ್ತೆ ಮತ್ತು ಪಟ್ಟಿಗಳಿರುವ ಅಗ್ಗದ ಸರಕನ್ನು ಆಸನವೆಂದು ಕರೆಯುವುದೇ ಸಲ್ಲದು.

ಆಸನವನ್ನು ನಿಮ್ಮದೇ ಕಾರಿನಲ್ಲಿ ಇಟ್ಟು ನೋಡದೆ ಹಣ ಕೊಡಬೇಡಿ. ಹಿಮ್ಮುಖ ಆಸನ ಜಾಗವನ್ನು ಬಹಳ ಬೇಡುತ್ತದೆ. ಸಣ್ಣ ಕಾರಿನಲ್ಲಿ ಮುಂದಿನ ಸೀಟನ್ನು ಸರಿಸಿದಾಗ ಅಲ್ಲಿ ಕೂರುವವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಬಹುದು. ಕೆಲವು ಕಾರುಗಳ ಹಿಂದಿನ ಬೆಲ್ಟ್ ಆಸನವನ್ನು ಸುತ್ತಿ ಬರುವಷ್ಟು ಉದ್ದವಿರುವುದಿಲ್ಲ. ಈಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಉಕ್ಕಿನ ಕೊಂಡಿಗಳಿರುತ್ತವೆ. ಅದಕ್ಕೆ ಹೊಂದುವ ಆಸನವನ್ನು ಸರಿಯಾಗಿ ಕೂರಿಸುವುದು ಸುಲಭ. ಆಸನಕ್ಕೆ ನೆಲಕ್ಕೂರುವ ಕಾಲೊಂದಿದ್ದರೆ, ಅದರ ಕೆಳಗೆ ಕಾರಿನ ನೆಲದಲ್ಲಿ ಪೊಳ್ಳು ಪೆಟ್ಟಿಗೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಸ ಕಾರನ್ನೇ ಕೊಳ್ಳುವ ಯೋಚನೆಯಿದ್ದವರು ಭಾರತ್ ಎನ್‌ಕ್ಯಾಪ್ ಫಲಿತಾಂಶವನ್ನು ನೋಡಲಿ. 2023ರ ಅಕ್ಟೋಬರ್‌ನಿಂದ ನಡೆದುಬಂದ ಈ ಪರೀಕ್ಷೆಯಲ್ಲಿ 18 ತಿಂಗಳ ಮತ್ತು 3 ವರ್ಷದ ಮಗುವಿನ ಗಾತ್ರದ ಗೊಂಬೆಗಳನ್ನು ಕೂರಿಸಿ, ಮಕ್ಕಳ ರಕ್ಷಣೆಗೆಂದೇ ಪ್ರತ್ಯೇಕ ನಕ್ಷತ್ರಗಳನ್ನು ಕೊಡುತ್ತಾರೆ.

ಒಂದು ಮಾತನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಇಡಕೂಡದು. ದೊಡ್ಡವರ ಎದೆಯನ್ನು ಕಾಯಲೆಂದು ಕ್ಷಣಾರ್ಧದಲ್ಲಿ ಸಿಡಿದು ಉಬ್ಬುವ ಆ ಚೀಲ, ಕೂಸಿನ ತಲೆಯ ಹಿಂದಿರುವ ಆಸನಕ್ಕೇ ಬಡಿಯುತ್ತದೆ. ಇದರಿಂದ ಮಕ್ಕಳ ಪ್ರಾಣವೇ ಹೋಗಿದೆ. ಆಸನದ ಜಾಗ ಹಿಂದೆಯೇ.

ಅಮೆರಿಕದಲ್ಲಿರುವ ಮಗನೋ ಮಗಳೋ ತಮ್ಮ ಮಗುವಿನ ಆಸನವನ್ನು ವಿಮಾನದಲ್ಲಿ ಹೊತ್ತು ತರುವುದುಂಟು. ತರಲಿ, ಸಂತೋಷ. ಆದರೆ ಅಲ್ಲಿಯ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಕಾರುಗಳ ಬೆಲ್ಟ್ ಸಾಮಾನ್ಯವಾಗಿ ಜೋರಾಗಿ ಜಗ್ಗಿದಾಗ ಮಾತ್ರ ನಿಲ್ಲುತ್ತದೆ, ಉಳಿದ ವೇಳೆ ಸಡಿಲವಾಗಿ ಓಡಾಡುತ್ತದೆ. ಆದ್ದರಿಂದ ಬೆಲ್ಟನ್ನು ತಾನೇ ಕಚ್ಚಿ ಹಿಡಿಯುವ ಲಾಕ್ ಆಸನದಲ್ಲಿಯೇ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳುವುದು ಒಳಿತು.

ಕೂರಿಸಿದ ಮೇಲೆ ಆಸನವನ್ನು ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿ ನೋಡಿ. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಿದರೆ ಬಿಗಿ ಸಾಲದು. ಮಗುವಿನ ಭುಜದ ಪಟ್ಟಿಗಳು ಹಿಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗಿನಿಂದ ಬರಬೇಕು. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿದಾಗ ಮಡಿಕೆ ಸಿಕ್ಕಬಾರದು. ದಪ್ಪ ಸ್ವೆಟರು, ಕುಲಾವಿಯ ಗಂಟು, ಕೊರಳ ಸರ, ದುಪ್ಪಟಿ ಇವು ಯಾವುವೂ ಪಟ್ಟಿಯ ಕೆಳಗೆ ಸೇರಬಾರದು. ಚಳಿಯಾದರೆ ಪಟ್ಟಿ ಬಿಗಿದ ಮೇಲೆ ಮೇಲಿನಿಂದ ಹೊದಿಸಿ. ಬೇಸಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಬಿಸಿಲಿಗೆ ನಿಂತ ಕಾರಿನ ಬಕಲ್ ಕೆಂಡದಂತಾಗಿರುತ್ತದೆ. ಅದನ್ನು ಮುಟ್ಟಿ ನೋಡಿಯೇ ಮಗುವನ್ನು ಕೂರಿಸಬೇಕು. ಆಪ್ತರು ಬಳಸಿ ಕೊಟ್ಟ ಆಸನವನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಅದು ಅಪಘಾತ ಕಂಡಿಲ್ಲವೆಂದು ಅವರು ಖಾತ್ರಿಯಾಗಿ ಹೇಳಬೇಕು, ಬಳಕೆಯ ಅವಧಿ ಮುಗಿದಿರಬಾರದು, ಬಿಡಿಭಾಗಗಳು ಎಲ್ಲವೂ ಇರಬೇಕು. ಗುರುತಿಲ್ಲದವರ ಹಳೆಯ ಆಸನ ಬೇಡ.

ಇಷ್ಟೆಲ್ಲ ಆದರೂ ದೊಡ್ಡ ತೊಡಕು ಮನೆಯೊಳಗಿನದೇ. ಧಾರವಾಡದ ಪರಿಚಿತರ ಮನೆಯೊಂದರಲ್ಲಿ ಕೇಳಿದ ಮಾತು ಇದು. “ಅಳೂ ಕೂಸಿನ ಕಟ್ಟಿ ಹಾಕಿ ಕರ್ಕೊಂಡು ಹೋಗ್ತೀರೇನವಾ? ನನ್ನ ತೊಡಿ ಮ್ಯಾಲೆ ಕೊಡು” ಎಂದು ಅತ್ತೆ. ಸೊಸೆ ಎದುರಾಡಲಿಲ್ಲ. “ಅತ್ತೀ, ನೀವು ಅದರ ಬಾಜೂಕನ ಕೂಡ್ರಿ. ಹಿಂದ ಮಾರಿ ಮಾಡಿದ್ರ ಅದಕ್ಕ ನೀವ ಕಾಣಿಸ್ತೀರಿ, ಕೈ ಹಿಡಕೊಂಡು ಹಾಡ್ರಿ” ಎಂದಳು. ಹಿರಿಯರನ್ನು ಹೊರಗಿಡದೆ ಅವರಿಗೊಂದು ಕೆಲಸ ಕೊಟ್ಟ ಆ ಹೆಣ್ಣುಮಗಳ ಜಾಣ್ಮೆ ನನಗೆ ಮೆಚ್ಚಿಕೆಯಾಯಿತು. ಮೊದಮೊದಲು ಮಗು ಅಳುವುದು ನಿಜ. ಸಂತೆಗೆ, ದವಾಖಾನೆಗೆ ಹೋಗುವ ಹತ್ತು ನಿಮಿಷದ ದಾರಿಯಿಂದ ರೂಢಿ ಮಾಡಿಸಿದರೆ ವಾರೆರಡು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಅಳುತ್ತದೆಂದು ಓಡುವ ಕಾರಿನಲ್ಲಿ ಎತ್ತಿಕೊಳ್ಳುವುದಕ್ಕಿಂತ, ರಸ್ತೆಯ ಬದಿಗೆ ನಿಲ್ಲಿಸಿ ಸಮಾಧಾನ ಮಾಡಿ ಮುಂದೆ ಸಾಗುವುದು ಮೇಲು.

ಕಾನೂನು ಇದನ್ನು ಕೇಳುತ್ತದೆಂಬುದು ಹಲವರಿಗೆ ತಿಳಿಯದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಒಯ್ಯುವ ಚಾಲಕನಿಗೆ 1000 ರೂಪಾಯಿ ದಂಡವಿದೆ. ದ್ವಿಚಕ್ರ ವಾಹನದವರಿಗೂ ನಿಯಮ ಬಂದಿದೆ: 9 ತಿಂಗಳಿಂದ 4 ವರ್ಷದ ಮಗುವಿಗೆ ಸುರಕ್ಷಾ ಪಟ್ಟಿ ಮತ್ತು ಶಿರಸ್ತ್ರಾಣ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು.

ಸ್ವಂತ ಕಾರಿಲ್ಲದೆ ಮದುವೆ ಮುಂಜಿಗಳಿಗೆ ಬಾಡಿಗೆ ಗಾಡಿಯಲ್ಲಿ ಹೋಗುವವರು ಆಸನವನ್ನು ಜೊತೆಗೆ ಒಯ್ಯಬಹುದು. ಆದರೆ ಬಾಡಿಗೆ ಗಾಡಿಗಳಲ್ಲಿ ಹಿಂದಿನ ಬೆಲ್ಟ್ ಮತ್ತು ಅದರ ಬಕಲ್ ಸೀಟಿನ ಕವರಿನ ಕೆಳಗೆ ಹೂತುಹೋಗಿರುವುದೇ ಹೆಚ್ಚು. ಗಾಡಿ ಗೊತ್ತುಮಾಡುವಾಗಲೇ ಚಾಲಕನಿಗೆ ಹೇಳಿ, ಹಿಂದಿನ ದಿನವೇ ಅವನ್ನು ಹೊರಗೆ ತೆಗೆಸಿಡಿ. ಬೆಳಗಿನ ಜಾವ ಐದು ಗಂಟೆಗೆ, ಎಲ್ಲರೂ ಅವಸರದಲ್ಲಿರುವಾಗ, ಆ ಕೆಲಸ ಆಗುವುದಿಲ್ಲ.