ಗರ್ಭಗೃಹದಲ್ಲಿ ಸೂರ್ಯಕಿರಣ: ಪೂಜೆಯೂ ಪ್ರಸಾದವೂ

ಮಂಗಳೂರಿನ ದೇವಾಲಯಗಳಲ್ಲಿ ಧನುರ್ಮಾಸವೆಂಬುದು ಬೆಳಕು ಹರಿಯುವ ಮುನ್ನಿನ ಪೂಜೆಯ ಕಾಲ. ಡಿಸೆಂಬರಿನ ನಡುಭಾಗದಿಂದ ಮಕರ ಸಂಕ್ರಮಣದವರೆಗೆ, ಮಂಜು ಕವಿದ ನಸುಕಿನಲ್ಲಿ, ಸೂರ್ಯನು ಕಾಣಿಸಿಕೊಳ್ಳುವುದಕ್ಕೆ ಮೊದಲೇ ದೇವರಿಗೆ ಧನುಪೂಜೆ ಸಲ್ಲುತ್ತದೆ. ಸಂಕ್ರಮಣದೊಡನೆ ಅದು ಮುಗಿಯುತ್ತದೆ. ಅದೇ ಹೊತ್ತಿನಲ್ಲಿ ಕದಿರೆಯ ಮಂಜುನಾಥನ ವಾರ್ಷಿಕ ಜಾತ್ರೆಗೆ ಮೊದಲಾಗುತ್ತದೆ. ಮಾಘದ ರಥಸಪ್ತಮಿಯ ಸುಮಾರಿನಲ್ಲಿ ಪೇಟೆಯ ವೆಂಕಟರಮಣ ದೇವಾಲಯದ ತೇರು ಬೀದಿಗಿಳಿಯುತ್ತದೆ. ಏಪ್ರಿಲ್ ನಡುವೆ ಬಿಸು ಬರುತ್ತದೆ. ನಗರದ ಮರೋಳಿಯಲ್ಲಿ ಸೂರ್ಯನಾರಾಯಣನಿಗೇ ಮೀಸಲಾದ ಆಲಯವಿದೆ. ಬೆಳ್ತಂಗಡಿ ತಾಲೂಕಿನ ನಾರಾವಿಯಲ್ಲಿ ಇನ್ನೊಂದಿದೆ. ತಿಂಗಳುಗಳನ್ನು ಚಂದ್ರನಿಂದಲ್ಲ, ಸೂರ್ಯನ ಸಂಕ್ರಮಣದಿಂದ ಎಣಿಸುವ ತುಳುನಾಡಿನಲ್ಲಿ ಇದು ಸಹಜವೇ ಸರಿ.

ಆದರೂ ಸಂಕ್ರಮಣದ ಸಂಜೆ ಈ ನಾಡಿನ ಭಕ್ತರ ಕಣ್ಣು ಬೆಂಗಳೂರಿನ ಕಡೆಗೆ ಹೊರಳುವುದುಂಟು. ಅಲ್ಲಿಯ ಗವಿ ಗಂಗಾಧರೇಶ್ವರನ ಗುಹಾಲಯದಲ್ಲಿ ಇಳಿಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾಯ್ದು ಲಿಂಗವನ್ನು ಮುಟ್ಟುವ ದೃಶ್ಯ ನಾಡಿಗೆಲ್ಲ ಪರಿಚಿತವಾಗಿದೆ. ಅದನ್ನು ಕಂಡ ಮೇಲೆ ‘ನಮ್ಮೂರಿನ ದೇವರಿಗೆ ಈ ಭಾಗ್ಯವಿಲ್ಲವೇ?’ ಎಂಬ ಪ್ರಶ್ನೆ ಏಳುತ್ತದೆ. ವರ್ಷದ ಯಾವುದೋ ಒಂದು ಮುಂಜಾನೆ ಒಂದು ಹಳ್ಳಿಯ ಗುಡಿಯಲ್ಲಿ ವಿಗ್ರಹದ ಪಾದದ ಮೇಲೆ ಬಿಸಿಲು ಬಿದ್ದರೆ ಅದು ಪವಾಡವೆಂಬ ವಾರ್ತೆಯಾಗುತ್ತದೆ. ಪ್ರಶ್ನೆಯೂ ವಾರ್ತೆಯೂ ಎರಡೂ ವಿಚಾರಕ್ಕೆ ಯೋಗ್ಯವಾದವು. ಏಕೆಂದರೆ ಪವಾಡವೆಂದು ಕರೆದು ಕೈಮುಗಿದು ಬಿಟ್ಟಲ್ಲಿ, ಪ್ರಾಚೀನರು ಅದರ ಹಿಂದೆ ಇರಿಸಿದ ಬುದ್ಧಿಯೂ ಭಕ್ತಿಯೂ ಮರೆಗೆ ಸರಿಯುತ್ತವೆ.

ಮೊದಲು ಭಾವದ ಮಾತು. ಶೈವ ಸಂಪ್ರದಾಯದಲ್ಲಿ ಸೂರ್ಯನು ಶಿವನ ಅಷ್ಟಮೂರ್ತಿಗಳಲ್ಲಿ ಒಬ್ಬ. ಪಂಚಭೂತಗಳು, ಸೂರ್ಯ, ಚಂದ್ರ, ಯಜಮಾನ ಎಂಬುವೇ ಆ ಎಂಟು. ಕಾಳಿದಾಸನ ಶಾಕುಂತಲದ ನಾಂದಿ ಸ್ತುತಿಸುವುದೂ ಈ ಅಷ್ಟಮೂರ್ತಿಯನ್ನೇ. ಹಾಗಿರಲು ಲಿಂಗದ ಮೇಲೆ ಬಿದ್ದ ಕಿರಣವನ್ನು ಏನೆಂದು ತಿಳಿಯಬೇಕು? ಸೂರ್ಯನು ಪೂಜಕನಾಗಿ ಬಂದು ತೇಜಸ್ಸಿನ ಅಭಿಷೇಕ ಮಾಡಿದನೆನ್ನುವುದು ಒಂದು ನೋಟ. ಶಿವನ ಒಂದು ಮೂರ್ತಿ ಇನ್ನೊಂದು ಮೂರ್ತಿಯನ್ನು ಸೇರಿತೆನ್ನುವುದು ಇನ್ನೊಂದು ನೋಟ. ಮೊದಲನೆಯದರಲ್ಲಿ ಬೆಳಕು ಪೂಜೆ. ಎರಡನೆಯದರಲ್ಲಿ, ಲಿಂಗವನ್ನು ಮುಟ್ಟಿ ಗರ್ಭಗೃಹವನ್ನು ಬೆಳಗಿ ಭಕ್ತನ ಕಣ್ಣಿಗೆ ಮರಳುವ ಆ ಬೆಳಕೇ ಪ್ರಸಾದ. ಭಕ್ತಜನ ಈ ಎರಡರಲ್ಲಿ ಒಂದನ್ನು ಆರಿಸುವ ಗೊಡವೆಗೆ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ಅನುಸಂಧಾನ ಮಾಡುವವನಿಗೆ ದಿಕ್ಕು ದ್ವಾರಗಳ ಹಂಗಿಲ್ಲವೆಂಬುದು ನಿಜ. ಆದರೆ ಸ್ಥಾವರಾಲಯದ ವಿಷಯದಲ್ಲಿ ದಿಕ್ಕೇ ಮೊದಲನೆಯ ಪ್ರಶ್ನೆ.

ಆ ದಿಕ್ಕನ್ನು ನಿರ್ಣಯಿಸಿದವನೂ ಸೂರ್ಯನೇ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಗುಡಿಗೆ ನೆಲವನ್ನು ಆರಿಸಿದ ಮೇಲೆ ಸ್ಥಪತಿಯು ಸಮತಟ್ಟಾದ ಸ್ಥಳದಲ್ಲಿ ವೃತ್ತವನ್ನು ಎಳೆದು ಅದರ ಮಧ್ಯದಲ್ಲಿ ಶಂಕುವನ್ನು ನೆಡುತ್ತಿದ್ದನು. ಪೂರ್ವಾಹ್ನದಲ್ಲಿ ಶಂಕುವಿನ ನೆರಳಿನ ತುದಿ ಕುಗ್ಗುತ್ತ ಬಂದು ವೃತ್ತವನ್ನು ಮುಟ್ಟುವ ಬಿಂದು ಒಂದು. ಅಪರಾಹ್ನದಲ್ಲಿ ಬೆಳೆಯುತ್ತ ಹೋಗಿ ಮುಟ್ಟುವ ಬಿಂದು ಮತ್ತೊಂದು. ಎರಡನ್ನೂ ಕೂಡಿಸುವ ರೇಖೆಯೇ ಪೂರ್ವಾಪರ ರೇಖೆ. ಕಾತ್ಯಾಯನ ಶುಲ್ಬಸೂತ್ರದಷ್ಟು ಹಳೆಯದಾದ ಈ ವಿಧಾನವನ್ನು ಮಯಮತ, ಮಾನಸಾರಗಳಂತಹ ಶಿಲ್ಪಗ್ರಂಥಗಳೂ ವಿವರಿಸುತ್ತವೆ. ದಿಕ್ಸೂಚಿಯ ಮುಳ್ಳು ತೋರಿಸುವುದು ಅಯಸ್ಕಾಂತದ ಉತ್ತರವನ್ನು. ಶಂಕು ತೋರಿಸುವುದು ನಿಜವಾದ ಉತ್ತರವನ್ನು. ಅಂದಮೇಲೆ, ಗರ್ಭಗೃಹದ ಮೇಲೆ ಮೊದಲ ಕಲ್ಲನ್ನಿಡುವುದಕ್ಕೆ ಮುನ್ನವೇ ಸೂರ್ಯನು ಆ ಗುಡಿಯಲ್ಲಿ ಒಮ್ಮೆ ಕೆಲಸ ಮಾಡಿ ಮುಗಿಸಿರುತ್ತಾನೆ.

ಈ ರೇಖೆಗೆ ಸರಿಯಾಗಿ ಪೂರ್ವಾಭಿಮುಖವಾಗಿ ಕಟ್ಟಿದ ಆಲಯಕ್ಕೆ ಬೆಳಕು ಎಂದು ಬರುತ್ತದೆ? ಮಂಗಳೂರು ಇರುವುದು ಉತ್ತರ ಅಕ್ಷಾಂಶ ಸುಮಾರು 12.9 ಡಿಗ್ರಿಯಲ್ಲಿ. ಇಲ್ಲಿ ಸೂರ್ಯೋದಯದ ಬಿಂದು ಜೂನ್ 21ರ ಸುಮಾರಿಗೆ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೂ, ಡಿಸೆಂಬರ್ 21ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೂ ಸರಿದಿರುತ್ತದೆ. ನೇರ ಪೂರ್ವದಲ್ಲಿ ಉದಯವಾಗುವುದು ಮಾರ್ಚ್ 21 ಹಾಗೂ ಸೆಪ್ಟೆಂಬರ್ 23ರ ಸುಮಾರಿಗೆ ಮಾತ್ರ. ಆ ದಿನಗಳಲ್ಲಿ ಉದಯಬಿಂದು ದಿನಕ್ಕೆ 0.4 ಡಿಗ್ರಿಯಷ್ಟು, ಅಂದರೆ ಬಹುಮಟ್ಟಿಗೆ ಸೂರ್ಯಬಿಂಬದ ಅಗಲದಷ್ಟು ಸರಿಯುತ್ತದೆ. ಒಂದು ಮೀಟರ್ ಅಗಲದ ಬಾಗಿಲು ವಿಗ್ರಹದಿಂದ 10 ಮೀಟರ್ ದೂರದಲ್ಲಿದ್ದರೆ ಸುಮಾರು ಎರಡು ವಾರಗಳ ಕಾಲ ವಿಗ್ರಹಕ್ಕೆ ಬೆಳಕು ದೊರೆಯಬಹುದು. 20 ಮೀಟರ್ ದೂರದಲ್ಲಿದ್ದರೆ ಒಂದೇ ವಾರ. ಒಂದರ ಹಿಂದೊಂದು ಬಾಗಿಲುಗಳನ್ನು ಜೋಡಿಸಿದಷ್ಟೂ ಕಿರಣದ ಕಾಲ ಕಿರಿದಾಗುತ್ತದೆ. ಅಯನಾಂತ್ಯದ ಸಮೀಪದಲ್ಲಾದರೋ ಸೂರ್ಯನ ನಡೆ ಬೇರೆ: ಅಲ್ಲಿ ಅವನು ತಡೆದು ನಿಂತಂತಿರುತ್ತಾನೆ, ಹತ್ತು ದಿನಗಳಲ್ಲಿ ತನ್ನ ಬಿಂಬದ ಅಗಲದಷ್ಟೂ ಸರಿಯುವುದಿಲ್ಲ.

ಕರಾವಳಿಯ ಗುಡಿಗೆ ಇನ್ನೂ ಒಂದು ವೈಶಿಷ್ಟ್ಯವಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಮಾಡು ಇಳಿಜಾರಾಗಿಯೂ ಸೂರು ತಗ್ಗಾಗಿಯೂ ಇರಲೇಬೇಕು. ಗರ್ಭಗೃಹಕ್ಕೆ ಕಿಟಕಿಯಿಲ್ಲ, ತೀರ್ಥಮಂಟಪ, ನಮಸ್ಕಾರ ಮಂಟಪಗಳನ್ನು ದಾಟಿಯೇ ಬೆಳಕು ಒಳಗೆ ಬರಬೇಕು. ಏರಿದ ಬಿಸಿಲನ್ನು ತಗ್ಗಿದ ಸೂರು ತಡೆಯುತ್ತದೆ. ಹೀಗಾಗಿ ದಿಗಂತದ ಸಮೀಪದಲ್ಲಿರುವ ಎಳೆಬಿಸಿಲಿಗೆ ಮಾತ್ರ ಗರ್ಭಗೃಹದ ಪ್ರವೇಶ. ಮಳೆಗಾಗಿ ಮಾಡಿದ ಏರ್ಪಾಡು ಬೆಳಕಿಗೂ ಒಂದು ಶಿಸ್ತನ್ನು ತಂದಿತು. ಇದರೊಡನೆ, ಪೂರ್ವದಲ್ಲಿ ಗುಡ್ಡವೋ ತೆಂಗಿನ ತೋಟವೋ ಇದ್ದರೆ ಸೂರ್ಯನು ಅದನ್ನು ಏರಿ ಬರಬೇಕು. ಐದು ಡಿಗ್ರಿ ಏರುವುದಕ್ಕೆ ಇಲ್ಲಿ ಸುಮಾರು 20 ನಿಮಿಷ ಬೇಕು; ಏರುತ್ತ ಅವನು ದಕ್ಷಿಣಕ್ಕೂ ವಾಲುತ್ತಾನೆ. ಆದ್ದರಿಂದ ಅಷ್ಟು ಎತ್ತರದ ಸೂರ್ಯನು ನೇರ ಪೂರ್ವದಲ್ಲಿರುವುದು ಮಾರ್ಚ್ 21ರಂದಲ್ಲ, ಮೂರು ದಿನಗಳ ಬಳಿಕ. ಹಿಂದಿರುಗುವಾಗ ಸೆಪ್ಟೆಂಬರ್ 23ಕ್ಕೆ ಮೂರು ದಿನ ಮೊದಲು. ಪಡುವಣಕ್ಕೆ ಮುಖ ಮಾಡಿದ ಗುಡಿಗಳಿಗೆ ಈ ತೊಡಕು ಕಡಿಮೆ, ಏಕೆಂದರೆ ಅತ್ತ ಇರುವುದು ಕಡಲು. ಸೆಪ್ಟೆಂಬರಿನಲ್ಲಿ ಮೋಡ ಕವಿದಿರುವುದೇ ಹೆಚ್ಚಾದ್ದರಿಂದ ಜನರ ನೆನಪಿನಲ್ಲಿ ಉಳಿಯುವುದು ಮಾರ್ಚ್ ತಿಂಗಳ ಬೆಳಕು.

ಇಲ್ಲಿಂದ ಒಂದು ಮುಖ್ಯವಾದ ನಿಯಮ ಹೊರಡುತ್ತದೆ. ಅಯನಾಂತ್ಯದ ಹೊರತು ಬೇರೆ ಯಾವ ದಿನ ಕಿರಣ ಬಂದರೂ ಅದು ವರ್ಷಕ್ಕೆ ಎರಡು ಬಾರಿ ಬರಲೇಬೇಕು, ಸೂರ್ಯನು ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ. ಕೊಲ್ಹಾಪುರದ ಮಹಾಲಕ್ಷ್ಮಿಯ ಕಿರಣೋತ್ಸವ ಇದಕ್ಕೆ ಸೊಗಸಾದ ನಿದರ್ಶನ. ನವೆಂಬರ್ 9, 10, 11ರಂದು ಮತ್ತು ಜನವರಿ 31, ಫೆಬ್ರವರಿ 1, 2ರಂದು ಸಂಜೆಯ ಕಿರಣ ಪಶ್ಚಿಮದಿಂದ ಒಳಬಂದು ಮೊದಲ ದಿನ ದೇವಿಯ ಪಾದವನ್ನು, ಎರಡನೆಯ ದಿನ ವಕ್ಷಸ್ಥಲವನ್ನು, ಮೂರನೆಯ ದಿನ ಮುಖವನ್ನು ಬೆಳಗುತ್ತದೆ. ಎರಡು ಉತ್ಸವಗಳ ನಡುದಿನಗಳೂ ಡಿಸೆಂಬರ್ 21ರಿಂದ ನಲವತ್ತೊಂದು, ನಲವತ್ತೆರಡು ದಿನಗಳ ದೂರದಲ್ಲಿವೆ. ಎರಡನ್ನೂ ಉತ್ಸವವಾಗಿ ಆಚರಿಸುತ್ತ ಬಂದ ಅಲ್ಲಿಯ ಭಕ್ತರ ದೃಷ್ಟಿಸೂಕ್ಷ್ಮತೆ ಮೆಚ್ಚತಕ್ಕದ್ದು. ಗವಿ ಗಂಗಾಧರೇಶ್ವರನಲ್ಲಾದರೋ ಜನ ಸೇರುವುದು ಒಂದಕ್ಕೆ ಮಾತ್ರ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರ, 2008ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿ ಬೆಳಕು ಬೀಳುವುದು ಜನವರಿ 13ರಿಂದ 16ರವರೆಗೂ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೂ. ನವೆಂಬರಿನ ಕಿರಣವೂ ಅದೇ ಸೂರ್ಯನದು, ಅದೇ ಲಿಂಗದ ಮೇಲೆ ಬೀಳುವುದು. ಆದರೆ ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ, ಆದ್ದರಿಂದ ನೋಡುವವರೂ ಇಲ್ಲ!

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಈ ದೇವಾಲಯವನ್ನು ಚಿತ್ರಿಸಿದ್ದರು. ಆ ಚಿತ್ರಗಳಲ್ಲಿ ಇಂದಿನಷ್ಟು ಕಟ್ಟಡಗಳಿಲ್ಲ. ಅಂದರೆ ಬೆಳಕಿನ ಇಂದಿನ ದಾರಿಯು ಮುಂದೆ ಸೇರಿದ ಗೋಡೆ ಕಿಟಕಿಗಳಿಂದ ರೂಪುಗೊಂಡದ್ದು; ಮೊದಲಿನ ದಾರಿ ಬೇರೆಯಾಗಿತ್ತು. ಸಂಕ್ರಮಣದ ಗಣಿತವೂ ಇದನ್ನೇ ಹೇಳುತ್ತದೆ. ಸೂರ್ಯಕಿರಣ ಅನುಸರಿಸುವುದು ಸಾಯನ ವರ್ಷವನ್ನು. ನಮ್ಮ ಸಂಕ್ರಮಣ ನಿರಯಣ ವರ್ಷವನ್ನು. ಅಯನಚಲನದ ಕಾರಣ ಇವೆರಡೂ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಅಗಲುತ್ತವೆ. ಗಣನೆಯ ಪದ್ಧತಿಗೆ ತಕ್ಕಂತೆ 1500ರಿಂದ 1700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಉತ್ತರಾಯಣದ ಆರಂಭವೂ ಒಂದೇ ದಿನ ಬರುತ್ತಿದ್ದವು. ಆಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಕದಿರೆಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವನ್ನು ಸ್ಥಾಪಿಸಿದ ಕಾಲಕ್ಕೆ ಅವುಗಳ ಅಂತರ ಎಂಟು-ಹತ್ತು ದಿನಗಳು; ಇಂದು ಇಪ್ಪತ್ತನಾಲ್ಕು. ಹದಿನಾರನೆಯ ಶತಮಾನದ ಕೆಂಪೇಗೌಡರ ಕಾಲಕ್ಕೆ ಸಂಕ್ರಮಣವು ಇಂದಿಗಿಂತ ಆರೇಳು ದಿನ ಮೊದಲೇ ಬರುತ್ತಿತ್ತು. ಕಲ್ಲಿನಲ್ಲಿ ಕಡೆದ ದಾರಿಗೂ ಪಂಚಾಂಗದ ದಿನಕ್ಕೂ ಉಂಟಾದ ನಂಟು ಎಂದೆಂದಿಗೂ ನಿಲ್ಲತಕ್ಕದ್ದಲ್ಲ.

ತುಳುನಾಡಿನ ಬಿಸುವಿನ ಕಥೆಯೂ ಇದೇ. ವಿಷುವತ್ ಎಂದರೆ ಹಗಲಿರುಳು ಸಮನಾದ ದಿನ. ಹೆಸರು ಉಳಿದಿದೆ, ದಿನ ಸರಿದಿದೆ. ಆದ್ದರಿಂದ ಪೂರ್ವಾಭಿಮುಖವಾದ ಗುಡಿಯಲ್ಲಿ ಬಿಸುವಿನ ಬೆಳಿಗ್ಗೆ ಕಿರಣಕ್ಕಾಗಿ ಕಾದವರಿಗೆ ನಿರಾಶೆಯಾದರೆ ದೋಷ ದೇವರದೂ ಅಲ್ಲ, ಸ್ಥಪತಿಯದೂ ಅಲ್ಲ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದ ರಾಶಿಸ್ತಂಭಗಳನ್ನು ಇಲ್ಲಿ ನೆನೆಯದಿರಲಾಗದು. ಹದಿನಾಲ್ಕನೆಯ ಶತಮಾನದ ಈ ಆಲಯದ ಹನ್ನೆರಡು ಕಂಬಗಳಲ್ಲಿ ಹನ್ನೆರಡು ರಾಶಿಗಳ ಚಿಹ್ನೆಗಳಿವೆ. ಆಯಾ ಮಾಸದಲ್ಲಿ ಆಯಾ ಕಂಬದ ಮೇಲೆ ಬಿಸಿಲು ಬೀಳುವುದೆಂದು ಪ್ರತೀತಿ. ಆದರೆ ಮೇಲೆ ಹೇಳಿದ ನಿಯಮದಂತೆ ಹೋಗುವ ಸೂರ್ಯನೂ ಮರಳುವ ಸೂರ್ಯನೂ ದಿಗಂತದ ಅದೇ ಬಿಂದುವನ್ನು ಮುಟ್ಟುವುದರಿಂದ, ಒಂದೇ ಮುಂಜಾನೆಯ ಬೆಳಕಿನಿಂದ ಹನ್ನೆರಡು ತಿಂಗಳುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಅಶಕ್ಯ. ಪ್ರತೀತಿಯನ್ನು ಅಕ್ಷರಶಃ ಹಿಡಿಯುವುದಕ್ಕಿಂತ, ಕಾಲಪುರುಷನನ್ನು ಕಂಬಗಳಲ್ಲಿ ನಿಲ್ಲಿಸಿದ ಕಲ್ಪನೆಯನ್ನು ಗೌರವಿಸುವುದು ಲೇಸು.

ಇದಕ್ಕೆ ತೀರ ಬೇರೆಯಾದುದು ಅಯೋಧ್ಯೆಯ ಸೂರ್ಯತಿಲಕ. 2024ರ ಏಪ್ರಿಲ್ 17ರ ರಾಮನವಮಿಯ ಮಧ್ಯಾಹ್ನ ಕನ್ನಡಿ ಮಸೂರಗಳ ಮೂಲಕ ಬೆಳಕನ್ನು ತಂದು ಬಾಲರಾಮನ ಹಣೆಗೆ ಇಡಲಾಯಿತು. ರಾಮನವಮಿ ಚಾಂದ್ರಮಾನದ ಹಬ್ಬವಾದ್ದರಿಂದ ವರ್ಷ ವರ್ಷಕ್ಕೂ ಅದರ ದಿನ ಬದಲಾಗುತ್ತದೆ. ಹತ್ತೊಂಬತ್ತು ವರ್ಷಗಳ ಆವರ್ತಕ್ಕೆ ಹೊಂದುವಂತೆ ಕನ್ನಡಿಯನ್ನು ಹೊರಳಿಸುವ ಚಕ್ರಯಂತ್ರವೇ ಬೇಕಾಯಿತು. ಅದರ ಗಣಿತದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಪಾಲಿದೆ. ಅಲ್ಲಿ ಬೆಳಕು ಹಬ್ಬವನ್ನು ಹುಡುಕಿಕೊಂಡು ಬರುತ್ತದೆ. ಹಳೆಯ ಗುಡಿಗಳಲ್ಲಿ ಬೆಳಕು ತನ್ನ ದಿನಕ್ಕೆ ತಾನು ಬರುತ್ತದೆ, ಭಕ್ತನು ಕಾಯಬೇಕು. ಮೋಡ ಅಡ್ಡ ಬಂದರೆ, 2021ರ ಸಂಕ್ರಮಣದಂದು ಗವಿ ಗಂಗಾಧರೇಶ್ವರನಲ್ಲಿ ಆದಂತೆ, ಕಾದದ್ದೇ ಪೂಜೆಯಾಗುತ್ತದೆ.

ಚಿಂತೆಗೆ ಕಾರಣವಾಗಿರುವುದು ಮೋಡವಲ್ಲ. ಕರಾವಳಿಯಲ್ಲಿ ಜೀರ್ಣೋದ್ಧಾರ, ಬ್ರಹ್ಮಕಲಶಗಳು ಸಂಭ್ರಮದಿಂದ ನಡೆಯುತ್ತಿವೆ. ಭಕ್ತರ ಔದಾರ್ಯಕ್ಕೆ ಕೊರತೆಯಿಲ್ಲ. ಆದರೆ ಅಂಗಣಕ್ಕೆ ಹೊದಿಸಿದ ತಗಡಿನ ಚಪ್ಪರ, ಎತ್ತರಿಸಿದ ನೆಲ, ಎದುರಿಗೆ ಎದ್ದ ಸಭಾಭವನ, ರಸ್ತೆಯಾಚೆಯ ಬಹುಮಹಡಿ ವಸತಿಗಳು ಬೆಳಕಿನ ದಾರಿಯನ್ನು ಸದ್ದಿಲ್ಲದೆ ಮುಚ್ಚುತ್ತವೆ. ಕೊಲ್ಹಾಪುರದಲ್ಲಿ ಕಿರಣದ ದಾರಿಗೆ ಅಡ್ಡವಾದ ಕಟ್ಟಡಗಳ ವಿಷಯ ವಿವಾದವೇ ಆಗಿದೆ. ಅಲ್ಲಿ ಕಿರಣಕ್ಕೊಂದು ಉತ್ಸವವಿರುವುದರಿಂದ ಕೇಳುವವರಿದ್ದಾರೆ. ಉತ್ಸವವಿಲ್ಲದ ಊರಗುಡಿಗಳಲ್ಲಿ ಹಾದಿ ಮುಚ್ಚಿದ್ದೇ ತಿಳಿಯುವುದಿಲ್ಲ. ಅರ್ಚಕರೊಬ್ಬರ ನೆನಪಿನಲ್ಲಿ ಇದ್ದದ್ದು ಅವರೊಡನೆ ಹೋಗುತ್ತದೆ.

ಕಾಮಗಾರಿಗೆ ಕೈಹಾಕುವ ಮುನ್ನ ಒಂದು ವರ್ಷದ ವೀಕ್ಷಣೆಗೆ ಹೆಚ್ಚಿನ ಸಾಧನವೇನೂ ಬೇಡ. ಮಾರ್ಚ್ 10ರಿಂದ ಏಪ್ರಿಲ್ 5ರವರೆಗೆ ಪ್ರತಿದಿನ ಉದಯಾನಂತರ ಬೆಳಕು ಹೊಸ್ತಿಲಿನಿಂದ ಎಷ್ಟು ಒಳಗೆ ಬಂದಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಅರ್ಚಕರು ಬರೆದಿಟ್ಟರೆ ಪೂರ್ವಾಭಿಮುಖವಾದ ಗುಡಿಯ ದಾರಿ ಗೊತ್ತಾಗುತ್ತದೆ. ಆಲಯ ಒಂದಿಷ್ಟು ಓರೆಯಾಗಿದ್ದರೆ ದಿನಗಳು ಬೇರೆಯಾದಾವು. ಅಂಗಣದ ಧ್ವಜಸ್ತಂಭವಂತೂ ನಿತ್ಯದ ಶಂಕುವೇ ಆಗಿದೆ: ಮಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನ ಸುಮಾರು 12 ಗಂಟೆ 29 ನಿಮಿಷಕ್ಕೆ, ಆಗಸ್ಟ್ 18ರ ಹೊತ್ತಿಗೆ 12 ಗಂಟೆ 34 ನಿಮಿಷಕ್ಕೆ ಸೂರ್ಯನು ನೆತ್ತಿಯ ಮೇಲೆ ನಿಂತಾಗ ಅದರ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಉಳಿದ ದಿನಗಳ ಮಧ್ಯಾಹ್ನ ಆ ನೆರಳು ನೇರ ಉತ್ತರಕ್ಕೋ ದಕ್ಷಿಣಕ್ಕೋ ಬೀಳುತ್ತದೆ. ಗುಡಿಯ ಗೋಡೆ ಅದಕ್ಕೆ ಸಮಾನಾಂತರವಾಗಿದೆಯೇ ಎಂಬುದನ್ನು ಪ್ರದಕ್ಷಿಣೆ ಬರುವ ಯಾರಾದರೂ ನಿಂತು ನೋಡಬಹುದು.