ಮರಿಮೀನಿನ ಲಿಂಗ ನಿರ್ಧಾರ: ಮೊದಲ ವಾರಗಳ ಮಹತ್ವ

ಹೈದರಾಬಾದಿನಲ್ಲಿ ಮೀನಿನ ಆಕಾರದಲ್ಲೇ ಕಟ್ಟಲಾಗಿರುವ ಕಟ್ಟಡವೊಂದಿದೆ. 2006ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಕೇಂದ್ರ ಕಚೇರಿ ಅದು. ಟಿಲಾಪಿಯ ಸಾಕಣೆಯ ಬಗ್ಗೆ ಮಂಡಳಿ ಪ್ರಚುರಪಡಿಸಿರುವ ಮಾರ್ಗಸೂಚಿಯಲ್ಲಿ ಒಂದು ವಿಶಿಷ್ಟ ನಿಬಂಧನೆ ಕಂಡುಬರುತ್ತದೆ: ಕೊಳಕ್ಕೆ ಬಿಡುವ ಮರಿಗಳೆಲ್ಲವೂ ಗಂಡಾಗಿರಬೇಕು, ಇಲ್ಲವೆ ಸಂತಾನಶಕ್ತಿಯಿಲ್ಲದವಾಗಿರಬೇಕು.

ಈ ನಿಬಂಧನೆಯ ಹಿಂದೆ ಕಹಿ ಅನುಭವವಿದೆ. ಮೊಜಾಂಬಿಕ್ ಟಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ. ಎರಡು-ಮೂರು ತಿಂಗಳಿಗೇ ಪ್ರಾಯಕ್ಕೆ ಬರುವ ಈ ಮೀನು, ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಪಾಡುವುದರಿಂದ ಅವುಗಳಲ್ಲಿ ಬಹುಪಾಲು ಬದುಕುಳಿಯುತ್ತವೆ. ಕೊಳದ ತುಂಬ ಮರಿಗಳಾಗಿ, ಆಹಾರ ಸಾಲದೆ ಯಾವುದೂ ಬೆಳೆಯುವುದಿಲ್ಲ. ಕೊಳದಿಂದ ತಪ್ಪಿಸಿಕೊಂಡವು ಕೆರೆ, ನದಿಗಳನ್ನು ಸೇರಿದವು. ನಮ್ಮಲ್ಲಿ ಜಿಲೇಬಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಂಗೈಯಗಲದ ಮೀನು ಇದೇ. 1959ರಲ್ಲಿ ಇದರ ಸಾಕಣೆಗೆ ನಿರ್ಬಂಧ ಬಿತ್ತು. ಮುಂದೆ ಸುಧಾರಿತ ನೈಲ್ ಟಿಲಾಪಿಯದ ಸಾಕಣೆಗೆ ಅನುಮತಿ ದೊರೆತಾಗ, ಕೊಳದಲ್ಲಿ ಸಂತಾನೋತ್ಪತ್ತಿ ಆಗದಂತೆ ನೋಡಿಕೊಳ್ಳುವುದೇ ಮುಖ್ಯ ಷರತ್ತಾಯಿತು. ಗಂಡು ಹೆಣ್ಣಿಗಿಂತ ಬೇಗ ತೂಗುವುದು ಕೃಷಿಕನಿಗೆ ಇನ್ನೊಂದು ಲಾಭ.

ಎಲ್ಲ ಮರಿಗಳೂ ಗಂಡಾಗುವುದು ಹೇಗೆ? ಟಿಲಾಪಿಯದಲ್ಲಿ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್, ಒಂದು ವೈ, ನಮ್ಮಲ್ಲಿರುವಂತೆಯೇ. ಆದರೆ ಮೊಟ್ಟೆಯೊಡೆದ ಮರಿಯ ಜನನ ಗ್ರಂಥಿ ಇನ್ನೂ ಅಂಡಾಶಯವೂ ಅಲ್ಲ, ವೃಷಣವೂ ಅಲ್ಲ. ಅರೊಮಟೇಸ್ ಎಂಬ ಕಿಣ್ವ ಪುರುಷ ಹಾರ್ಮೋನನ್ನು ಸ್ತ್ರೀ ಹಾರ್ಮೋನಾಗಿ ಪರಿವರ್ತಿಸಿದಲ್ಲಿ ಆ ಗ್ರಂಥಿ ಅಂಡಾಶಯವಾಗುತ್ತದೆ, ಇಲ್ಲವಾದಲ್ಲಿ ವೃಷಣ. ನೀರಿನ ಶಾಖ ತೀರಾ ಏರಿದರೂ ಹೆಣ್ಣಾಗಬೇಕಾದ ಮರಿಗಳು ಗಂಡಾಗುವುದುಂಟು. ಜಪಾನಿನ ಟೋಕಿ-ಓ ಯಾಮಾಮೊಟೊ 1953ರಲ್ಲೇ ಮೆಡಾಕ ಎಂಬ ಪುಟ್ಟ ಮೀನಿನಲ್ಲಿ, ಹುಟ್ಟಿನಿಂದ ಗಂಡಾದ ಮರಿಗಳನ್ನು ಹಾರ್ಮೋನಿನ ಬಲದಿಂದ ಹೆಣ್ಣಾಗಿಸಿದ್ದರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಬಿ. ಸೆಂಥಿಲ್‌ಕುಮಾರನ್ ಮತ್ತು ಸಂಗಡಿಗರು ಕ್ಯಾಟ್‌ಫಿಷ್ ಮತ್ತು ಟಿಲಾಪಿಯಗಳಲ್ಲಿ ಈ ಕವಲುದಾರಿಯ ಜೀನುಗಳನ್ನು ಗ್ರಂಥಿಯಲ್ಲಷ್ಟೇ ಅಲ್ಲದೆ ಮೆದುಳಿನಲ್ಲಿಯೂ ಅಭ್ಯಸಿಸಿದ್ದಾರೆ.

ಮರಿ ಉತ್ಪಾದನಾ ಕೇಂದ್ರಗಳು ಬಳಸಿಕೊಳ್ಳುವುದು ಈ ಅನಿಶ್ಚಿತ ಅವಧಿಯನ್ನೇ. ಮೀಥೈಲ್‌ಟೆಸ್ಟೊಸ್ಟೆರೋನ್ ಎಂಬ ಪುರುಷ ಹಾರ್ಮೋನನ್ನು ಮದ್ಯಸಾರದಲ್ಲಿ ಕರಗಿಸಿ, ಸಾಮಾನ್ಯವಾಗಿ ಕಿಲೋ ಆಹಾರಕ್ಕೆ 60 ಮಿಲಿಗ್ರಾಂನಂತೆ ಬೆರೆಸಿ ಒಣಗಿಸುತ್ತಾರೆ. ಮರಿಗಳು ಮೇವು ತಿನ್ನಲಾರಂಭಿಸಿದಂದಿನಿಂದ 21ರಿಂದ 28 ದಿನ ಇದನ್ನೇ ಕೊಡಲಾಗುತ್ತದೆ. ತಡವಾಗಿ ಆರಂಭಿಸಿದರೆ ಫಲವಿಲ್ಲ. ಅಂಡಾಶಯ ಅಷ್ಟರಲ್ಲಿ ರೂಪುಗೊಂಡಿರುತ್ತದೆ.

ತಿನ್ನುವವರಿಗೆ ಅಪಾಯವಿಲ್ಲವೇ ಎಂಬ ಸಂದೇಹ ಸಹಜ. ಹಾರ್ಮೋನು ಸೇವಿಸುವಾಗ ಮರಿಯ ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಮಾರುಕಟ್ಟೆಗೆ ಬರುವುದು ತಿಂಗಳುಗಳ ನಂತರ, ಅಷ್ಟರೊಳಗೆ ಅದು ದೇಹದಿಂದ ವಿಸರ್ಜನೆಯಾಗಿರುತ್ತದೆ. ಹೆಚ್ಚು ಚಿಂತಿಸಬೇಕಾದದ್ದು ಆಹಾರ ಕಲಸುವ ಕೈಗಳ ಬಗ್ಗೆ, ತೊಟ್ಟಿಯಿಂದ ಹೊರಹರಿಯುವ ನೀರಿನ ಬಗ್ಗೆ. ಕೈಗವಸಿಲ್ಲದೆ ಈ ಕೆಲಸ ಸಲ್ಲದು. ಆ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡಲೂಬಾರದು.

ಹಾರ್ಮೋನು ತಾಗದ ಮಾರ್ಗವೂ ಇದೆ. ಎರಡು ವೈ ವರ್ಣತಂತುಗಳುಳ್ಳ ಗಂಡನ್ನು ಸಾಮಾನ್ಯ ಹೆಣ್ಣಿನೊಡನೆ ಕೂಡಿಸಿದರೆ ಸಂತತಿ ಬಹುಮಟ್ಟಿಗೆ ಗಂಡೇ. ಆದರೆ ಅಂಥ ಗಂಡನ್ನು ಪಡೆಯಲು ಕೆಲವು ಪೀಳಿಗೆಗಳ ಶ್ರಮ ಬೇಕು.

ಬಿತ್ತನೆ ಮರಿ ಕೊಳ್ಳುವ ಕೃಷಿಕ ಬರಿಗಣ್ಣಿನಿಂದ ಗಂಡು-ಹೆಣ್ಣು ಗುರುತಿಸಲಾರ. ಆದ್ದರಿಂದ ಪರವಾನಗಿ ಪಡೆದ ಕೇಂದ್ರದಿಂದಲೇ ಕೊಳ್ಳಬೇಕು. ಕೆಲವು ಮರಿಗಳ ಗ್ರಂಥಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗಿದೆಯೇ, ನೂರಕ್ಕೆ ಎಷ್ಟು ಹೆಣ್ಣು ಕಂಡುಬಂದವು ಎಂದು ಹಣ ಕೊಡುವ ಮೊದಲೇ ಕೇಳಬೇಕು.