ಹನ್ನೊಂದು ಬೆಕ್ಕು, ಎಂಟು ಅಂಕಿ

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು, ನಮ್ಮ ಗ್ಯಾಂಗಿನವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಬೆಕ್ಕು. ಎರಡು ಮರಿಬೆಕ್ಕು ಸೇರಿದರೆ ಸ್ವಲ್ಪ ದೊಡ್ಡ ಬೆಕ್ಕು, ಅಂಥವು ಎರಡು ಸೇರಿದರೆ ಇನ್ನೂ ದೊಡ್ಡದು. ನೀವೂ ಆಡಿರ್ತೀರಿ, ಕ್ಲಾಸಲ್ಲೇ ಆಡಿರ್ತೀರಿ, ಸುಳ್ಳು ಹೇಳಬೇಡಿ. ಇಂಥ ಆಟಗಳು ಹತ್ತಾರು ಇವೆ. ಬೆಕ್ಕಿನ ಚರ್ಮ ತೆಗೆದರೆ ಬಹಳಷ್ಟರ ಒಳಗೆ ಇರೋದು ಒಂದೇ ಆಟ, 2048.

ಚೌಕಾಬಾರದ ಹಾಗೆ ಇಲ್ಲೂ ಮನೆಗಳು. ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು 16 ಮನೆ. ಬೆರಳಿಂದ ಒಂದು ಕಡೆ ಸರಿಸಿದರೆ ಎಲ್ಲ ಬಿಲ್ಲೆಗಳೂ ಆ ಕಡೆಗೇ ಜಾರುತ್ತವೆ. ಒಂದೇ ಸಂಖ್ಯೆಯವು ಡಿಕ್ಕಿ ಹೊಡೆದರೆ ಕೂಡಿಕೊಂಡು ಒಂದಾಗುತ್ತವೆ. ಆದರೆ ಹೊಸದಾಗಿ ಹುಟ್ಟಿದ ಬಿಲ್ಲೆ ಅದೇ ಸರದಿಯಲ್ಲಿ ಮತ್ತೆ ಕೂಡೋ ಹಾಗಿಲ್ಲ. ಸಾಲಿನಲ್ಲಿ 2, 2, 2, 2 ಇದ್ದರೆ 4, 4 ಆಗುತ್ತೆ, ನೇರವಾಗಿ 8 ಆಗಲ್ಲ. ಪ್ರತಿ ಸಲ ಸರಿಸಿದಾಗ ಒಂದು ಹೊಸ ಬಿಲ್ಲೆ ಬರುತ್ತೆ. ಅದು 2 ಆಗಿರೋ ಸಂಭವ ನೂರಕ್ಕೆ 90, 4 ಆಗಿರೋ ಸಂಭವ 10.

ಇಲ್ಲೊಂದು ಚಿಕ್ಕ ಲೆಕ್ಕ. ಬಿಲ್ಲೆಗಳು ಕೂಡಿದರೂ ಒಟ್ಟು ಮೊತ್ತ ಬದಲಾಗಲ್ಲ, ಹೊಸ ಬಿಲ್ಲೆಯಿಂದ ಮಾತ್ರ ಹೆಚ್ಚುತ್ತೆ. ಸರಾಸರಿ ಒಂದು ಸರದಿಗೆ 2.2. ಅಂದರೆ 2048 ಮುಟ್ಟೋಕೆ ಸುಮಾರು 930 ಸಲ ಸರಿಸಬೇಕು. ಸೆಕೆಂಡಿಗೊಂದು ಸಲ ಅಂದರೂ ಹದಿನೈದು ನಿಮಿಷ ದಾಟುತ್ತೆ. "ಒಂದೇ ಒಂದು ಗೇಮ್ ಲೇ" ಅಂದವನು ಇಂಟರ್ನಲ್ಸ್ ಹಿಂದಿನ ರಾತ್ರಿ ಏನಾಗ್ತಾನೆ ಅಂತ ಇದರಲ್ಲೇ ಗೊತ್ತಾಗುತ್ತೆ. ದೊಡ್ಡ ಬೆಕ್ಕನ್ನು ಒಂದು ಮೂಲೆಯಲ್ಲಿ ಕೂರಿಸಿ, ಅಲ್ಲಿಂದ ಎಬ್ಬಿಸದೆ ಆಡೋದೇ ಇದರ ಉಪಾಯ.

ಇದನ್ನು 2014ರ ಮಾರ್ಚ್‌ನಲ್ಲಿ ಒಂದು ವಾರಾಂತ್ಯದಲ್ಲಿ ಬರೆದವನು ಇಟಲಿಯ ಗೇಬ್ರಿಯೆಲೆ ಚಿರುಲ್ಲಿ. ಆಗ ಅವನಿಗೆ 19, ನಮ್ಮದೇ ವಯಸ್ಸು (ನಾವು ವಾರಾಂತ್ಯದಲ್ಲಿ ಏನ್ ಮಾಡ್ತೀವಿ ಅನ್ನೋದು ಬೇಡ ಬಿಡಿ). ಅದಕ್ಕೂ ಒಂದು ತಿಂಗಳು ಮುಂಚೆ 'ಥ್ರೀಸ್' ಅನ್ನೋ ಆಟ ಬಂದಿತ್ತು. ಅದನ್ನು ಮಾಡಿದವರು ಒಂದು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ ತೀಡಿದ್ದರು. ಅವರ ಐಡಿಯಾದಿಂದ 1024, ಅದರಿಂದ 2048 ಹುಟ್ಟಿ, ಹೆಸರು ಮಾತ್ರ ಕೊನೆಯದಕ್ಕೆ ಬಂತು. ಥ್ರೀಸ್‌ನವರಿಗೆ ಬೇಜಾರಾಗಿದ್ದು ನಮಗೆ ಸರಿ ಅನ್ನಿಸುತ್ತೆ. ಆದರೆ ಚಿರುಲ್ಲಿ ತನ್ನ ಕೋಡನ್ನು ಎಂಐಟಿ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಯಾರು ಬೇಕಾದರೂ ಬದಲಾಯಿಸಬಹುದು, ಅವನ ಹೆಸರಿರುವ ಲೈಸೆನ್ಸ್ ಸಾಲು ಮಾತ್ರ ತೆಗೆಯಬಾರದು.

ನಾವೂ ಬದಲಾಯಿಸಿದೆವು. ಕುರುಗೋಡಿನ ಗೆಳೆಯನ ಮನೆ ಬೆಕ್ಕಿನ ಹನ್ನೊಂದು ಫೋಟೋ ಹಾಕಿ, 2ರಿಂದ 2048ರವರೆಗಿನ ಸಂಖ್ಯೆಗಳನ್ನು ಕನ್ನಡ ಅಂಕಿಯಲ್ಲಿ ಬರೆದೆವು. ಮೊದಲ ದಿನ "ನಮ್ಮದೇ ಗೇಮ್" ಅಂತ ಸ್ಟೇಟಸ್ ಹಾಕಿದ್ದೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು ಅನ್ನಿಸಿ ಸಂಜೆಗೆ ತೆಗೆದು, ಅವನ ಹೆಸರು ಸೇರಿಸಿದೆವು.

ಆಡುವಾಗ ಇನ್ನೊಂದು ಗೊತ್ತಾಯ್ತು. ನಾವು ಅಂಕಿ ಓದ್ತಾನೇ ಇರಲಿಲ್ಲ, ಬೆಕ್ಕಿನ ಮುಖ ನೋಡಿ ಹೊಂದಿಸ್ತಿದ್ವಿ. ಅದಕ್ಕೆ ಎಲ್ಲ ಬಿಲ್ಲೆಗೂ ಒಂದೇ ಫೋಟೋ ಹಾಕಿದೆವು. ಆಗ ನೋಡಿ ನಮ್ಮ ಬಣ್ಣ! ದಿನಾ ೫೧೨ ದಾಟುತ್ತಿದ್ದವರು ೧೨೮ರ ಹತ್ತಿರ ಸಾಯ್ತಾ ಇದ್ವಿ. ಮೂವರೂ ಇಂಗ್ಲಿಷ್ ಮೀಡಿಯಂ. ಕನ್ನಡ ಅಕ್ಷರ ಓದ್ತೀವಿ, ಅಂಕಿ ಬಂದ ಕೂಡಲೇ ನಿಂತುಬಿಡ್ತೀವಿ.

ಸಿರುಗುಪ್ಪದ ಗೆಳೆಯನ ಅಜ್ಜಿಗೆ ತೋರಿಸಿದೆವು. ಆಟ ಏನಂತ ಅವರಿಗೆ ಗೊತ್ತಿಲ್ಲ. ಪರದೆ ನೋಡಿ "ಮೂವತ್ತೆರಡು, ಅರವತ್ನಾಲ್ಕು, ಇನ್ನೂರೈವತ್ತಾರು" ಅಂತ ಗಡಗಡ ಓದಿದರು. ಆಮೇಲೆ ಕೇಳಿದರು: "ಏಳು ಯಾಕಿಲ್ಲಪ್ಪ ಇದ್ರಾಗ? ಒಂಬತ್ತೂ ಇಲ್ಲ."

ಮಾಡಿದವರಾದ ನಮಗೇ ಅದು ಹೊಳೆದಿರಲಿಲ್ಲ. ಕೂತು ಬರೆದು ನೋಡಿದೆವು. 2048ರವರೆಗೆ ಎಂಟೇ ಅಂಕಿ ಬರುತ್ತವೆ. ೯ ಬರೋದು ೪೦೯೬ರಲ್ಲಿ, ೭ ಬರೋದು ೩೨೭೬೮ರಲ್ಲಿ. ಈ ಆಟದಲ್ಲಿ ಮುಟ್ಟಬಹುದಾದ ಅತಿ ದೊಡ್ಡ ಬಿಲ್ಲೆ 131072, ಹಾಗಾಗಿ ಲೆಕ್ಕದ ಪ್ರಕಾರ ೭ ಸಿಗುತ್ತೆ. ನಮ್ಮ ಗ್ಯಾಂಗಿನ ರೆಕಾರ್ಡು ಸದ್ಯಕ್ಕೆ ೧೦೨೪. ಅಜ್ಜಿಗೆ "ಏಳು ಬರ್ತದಜ್ಜಿ, ಸ್ವಲ್ಪ ಲೇಟು" ಅಂತ ಹೇಳಿ ಬಂದಿದ್ದೀವಿ.